ಅಕ್ಕೋರು ಕೊಟ್ಟ ಒಂದು ರೂಪಾಯಿ

೧೯೬೩ರಲ್ಲಿ ನಾನು ಶಿರಸಿಯ ಸೋದರಮಾವನ ಮನೆಯಲ್ಲಿದ್ದುಕೊಂಡು ಹೊಲಿಗೆ ಕಲಿಯುತ್ತಿದ್ದೆ. ಆಗ ನನಗೆ ಹತ್ತೊಂಬತ್ತು ವರ್ಷ. ಪೇಟೆಯ ಒಂದು ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಎರಡು ಮಶಿನ್ ಇಟ್ಟುಕೊಂಡು ಒಬ್ಬ ಹೆಂಗಸು ನಮಗೆ ಏಳು ಹುಡುಗಿಯರಿಗೆ ಕಲಿಸುತ್ತಿದ್ದರು. ನಾವೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದಲೇ ಸಂಸಾರ ನಡೆಸಿದವರು. ಗುಂಡಿ ಹಾಕುವ ಕಾಜಾ ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಹಾಕಿಸುವಷ್ಟು ಕಟ್ಟುನಿಟ್ಟು.

ಒಂದು ಸೋಮವಾರ, ಶಾಲೆಯ ಮಕ್ಕಳ ಬಟ್ಟೆ ಹೊಲಿದುಕೊಟ್ಟ ಹಣ ಅವರ ಕೈಗೆ ಬಂದಿತ್ತು. ನಮ್ಮನ್ನೆಲ್ಲ ಕರೆದು ಒಬ್ಬೊಬ್ಬರ ಕೈಗೂ ಒಂದೊಂದು ರೂಪಾಯಿಯ ನೋಟು ಇಟ್ಟರು. ನಮಗೆ ಸಂಬಳವೇ ಸಿಕ್ಕಿತೆಂದು ಖುಷಿ.

"ಇದು ನಿಮಗಲ್ಲ" ಎಂದರು ಅಕ್ಕೋರು. "ಬರುವ ಸೋಮವಾರದೊಳಗೆ ಇದರಿಂದ ಬೇರೆ ಯಾರಿಗಾದರೂ ಒಂದು ಉಪಕಾರ ಆಗಬೇಕು. ಮನೆಯವರಿಗೆ ಕೊಟ್ಟರೆ ಆಗದು. ದೇವರ ಹುಂಡಿಗೂ ಆಗದು. ಎಂತ ಮಾಡಿದಿರಿ ಅಂತ ನನಗೆ ಬಂದು ಹೇಳಬೇಕು."

"ನೀವೇ ಕೊಟ್ಟುಬಿಡಬಹುದಿತ್ತಲ್ಲ, ಅಕ್ಕೋರೆ" ಎಂದಳು ನನ್ನ ಪಕ್ಕ ಕೂರುತ್ತಿದ್ದ ನಾಗವೇಣಿ.

"ನಾನೇ ಕೊಟ್ಟರೆ ನೀವು ಕಲಿಯುವುದು ಯಾವಾಗ?" ಎಂದು ಅವರು ಕತ್ತರಿ ಕೈಗೆತ್ತಿಕೊಂಡರು.

ಎರಡು ದಿನ ನಾನು ಯಾರಿಗೆ ಕೊಡಲಿ ಎಂದು ನಿಜವಾಗಿಯೂ ಯೋಚಿಸಿದೆ. ಮೂರನೆಯ ದಿನ ಬಟ್ಟೆ ಅಂಗಡಿಯಲ್ಲಿ ಗುಲಾಬಿ ಬಣ್ಣದ ಲೇಸು ಕಂಡಿತು. ತಂಗಿಯ ಪೋಲಕಕ್ಕೂ ನನ್ನದಕ್ಕೂ ಆಗುವಷ್ಟು ಬರುತ್ತಿತ್ತು. ದಾರಿಯಲ್ಲಿ ಯಾರೋ ಮುದುಕನಿಗೆ ಕೊಟ್ಟೆ ಎಂದು ಅಕ್ಕೋರಿಗೆ ಹೇಳಿದರಾಯಿತು ಎಂದು ತೀರ್ಮಾನಿಸಿಬಿಟ್ಟೆ. ಊರಿಗೆ ಹೋಗಿ ಬಂದು ಕೊಂಡರಾಯಿತೆಂದು ನೋಟನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ.

ಶನಿವಾರ ಮಧ್ಯಾಹ್ನ ಸಿದ್ದಾಪುರದ ಬಸ್ಸು ಹತ್ತಿದೆ. ನಮ್ಮ ಮನೆ ಸಿದ್ದಾಪುರ ಪೇಟೆಯಿಂದ ಒಂದು ಮೈಲಿ. ಬಸ್ಸು ತುಂಬಿತ್ತು. ಕಂಡಕ್ಟರು ಹಿಂದಿನವರೆಗೆ ಬರುವಷ್ಟರಲ್ಲಿ ಅರ್ಧ ದಾರಿ ಆಗಿತ್ತು. ನನ್ನ ಎದುರಿನ ಸೀಟಿನಲ್ಲಿ ಬನವಾಸಿ ಕಡೆಯ ಒಬ್ಬ ಹೆಂಗಸು ಗಂಟು ಹಿಡಿದು ಕೂತಿದ್ದರು. ನನ್ನ ಬಳಿಯಿದ್ದ ಚಿಲ್ಲರೆ ನನ್ನ ಟಿಕೀಟಿಗೇ ಸರಿಹೋಯಿತು. ಅವರ ಟಿಕೀಟು ಕೇಳಿದಾಗ ಅವರು ಸೆರಗಿನ ತುದಿ ನೋಡಿಕೊಂಡರು. ಹಣ ಕಟ್ಟಿದ್ದ ಗಂಟು ಬಿಚ್ಚಿಹೋಗಿತ್ತು. ಕಾಲಬುಡದಲ್ಲೆಲ್ಲ ಹುಡುಕಿದರು. ಇರಲಿಲ್ಲ.

"ಮಗಳನ್ನ ಹೆರಿಗಿಗೆ ದವಾಖಾನಿಗೆ ಸೇರಿಸ್ಯಾರ್ರಿ. ಅಳಿಯಾ ಅಲ್ಲೇ ಅದಾನ. ಇಳಿದ ಕೂಡ್ಲೇ ಅವನ ಕಡೆ ಇಸಗೊಂಡು ಕೊಡತೇನ್ರಿ" ಎಂದರು.

ಕಂಡಕ್ಟರು ಕೆಟ್ಟವನೇನೂ ಅಲ್ಲ. "ಮುಂದೆ ಚೆಕಿಂಗಿನವರು ಹತ್ತುತ್ತಾರೆ ಅಮ್ಮ, ನನ್ನ ನೌಕರಿ ಹೋಗ್ತದೆ" ಎಂದು ಎರಡು ಸಲ ಹೇಳಿದ. ಆಮೇಲೆ ಗಂಟೆ ಬಾರಿಸಿದ. ಆ ಹೆಂಗಸು ಗಂಟು ಎತ್ತಿಕೊಂಡು ಕಾಡಿನ ನಡುವೆ ಇಳಿದರು. ಎಲ್ಲರೂ ಕಿಟಕಿಯ ಹೊರಗೆ ನೋಡಿದರು. ನಾನೂ ನೋಡಿದೆ. ನನ್ನ ಕೈ ಚೀಲದ ಮೇಲೇ ಇತ್ತು.

ಬಸ್ಸು ಹೊರಟಿತು. ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು. ಎದ್ದುಹೋಗಿ ಕಂಡಕ್ಟರಿಗೆ ಹೇಳಿದೆ, "ಅವರ ಟಿಕೀಟಿನ ಹಣ ನಾನು ಕೊಡ್ತೇನೆ, ಬಸ್ಸು ಹಿಂದೆ ತಗೊಳ್ಳಿ."

"ಈಗ ಹೇಳಿದರೆ? ಮೊದಲೇ ಲೇಟಾಗಿದೆ" ಎಂದ.

"ಹಾಗಾದರೆ ನನ್ನನ್ನೂ ಇಳಿಸಿ."

ಅವನು ನನ್ನ ಮುಖ ನೋಡಿ ಗಂಟೆ ಬಾರಿಸಿದ.

ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಆ ಹೆಂಗಸು ಎದುರಿಗೇ ಬರುತ್ತಿದ್ದರು. ಸಿದ್ದಾಪುರದವರೆಗೂ ನಡೆದೇ ಹೋಗುವವರಂತೆ ಬೀಸು ಹೆಜ್ಜೆ. ನನ್ನನ್ನು ಕಂಡು ನಿಂತರು. "ಅಯ್ಯ, ನೀ ಯಾಕ ಇಳದಿ ತಂಗಿ?"

ಅವರ ಗಂಟನ್ನು ನಾನು ಎತ್ತಿಕೊಂಡೆ. ಇಬ್ಬರೂ ದಾರಿಯಲ್ಲಿ ಮುಂದೆ ಸಿಗುವ ಕಾನಸೂರಿನವರೆಗೆ ನಡೆದೆವು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆ ಬದಿಯ ಚಾದಂಗಡಿಯ ಬೆಂಚಿನ ಮೇಲೆ ಕೂತಾಗ ಅವರು ಹೆಸರು ಹೇಳಿದರು, ಬಸವ್ವ ಎಂದು. ಮಗಳಿಗೆಂದು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ನನ್ನ ಮುಂದೆ ಇಟ್ಟರು. ಆಗ ನನಗೆ ಅಳು ಬಂತು. ಅಕ್ಕೋರ ರೂಪಾಯಿ, ಲೇಸು, ಹೇಳಬೇಕೆಂದಿದ್ದ ಸುಳ್ಳು, ಎಲ್ಲ ಹೇಳಿಬಿಟ್ಟೆ.

ಬಸವ್ವ ರೊಟ್ಟಿಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ, "ಬಸ್ಸಿನ್ಯಾಗ ರೊಕ್ಕ ಇದ್ದೋರು ಇನ್ನೂ ಭಾಳ ಮಂದಿ ಇದ್ರು. ಇಳದು ಬಂದಾಕಿ ನೀ ಒಬ್ಬಾಕಿ. ಸುಮ್ನ ಉಣ್ಣು" ಎಂದರು.

ಚಾದಂಗಡಿಯವರು ಕೇಳಿಸಿಕೊಂಡಿರಬೇಕು. ಎರಡು ಕಪ್ ಚಾ ತಂದಿಟ್ಟು, ದುಡ್ಡು ಬೇಡವೆಂದು ಕೈಯಾಡಿಸಿ ಒಳಗೆ ಹೋದರು.

ಮುಂದಿನ ಬಸ್ಸಿನಲ್ಲಿ ಇಬ್ಬರ ಟಿಕೀಟೂ ಆ ರೂಪಾಯಿಯಲ್ಲೇ ಆಯಿತು. ಸಿದ್ದಾಪುರದಲ್ಲಿ ಇಳಿದು ಅವರೊಂದಿಗೆ ದವಾಖಾನೆಯವರೆಗೂ ಹೋದೆ. ಬಾಗಿಲಲ್ಲಿ ನಿಂತಿದ್ದ ಅಳಿಯ, "ಹೆಣ್ಣು ಕೂಸು ಅತ್ತಿ, ಇಬ್ರೂ ಆರಾಮ ಅದಾರ" ಎಂದ. ಬಸವ್ವ ಒಳಗೆ ಓಡಿದರು. ನಾನು ಮನೆಯ ದಾರಿ ಹಿಡಿದೆ. ಒಂದು ಗಳಿಗೆಯಲ್ಲಿ ಹಿಂದಿನಿಂದ ಕೂಗು ಕೇಳಿತು. ಬಸವ್ವ ಮತ್ತೆ ಹೊರಗೆ ಬಂದು, "ನೋಡಿ ಹೋಗಬಾ ತಂಗಿ" ಎಂದು ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಕೂಸು ಮುಷ್ಟಿ ಬಿಗಿದುಕೊಂಡು ಮಲಗಿತ್ತು.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಆಯಿ, ಎಂದರೆ ನನ್ನ ತಾಯಿ, ಅಂಗಳದಲ್ಲೇ ನಿಂತಿದ್ದಳು. "ಎಂತಕ್ಕೆ ಇಷ್ಟು ತಡ ಆತೆ?" ಎಂದು ಬೈದಳು. ನಡೆದದ್ದು ಕೇಳಿದ ಮೇಲೆ ಕಾಲಿಗೆ ಬಿಸಿನೀರು ಕೊಟ್ಟಳು.

ಸೋಮವಾರ ಅಕ್ಕೋರಿಗೆ ಎಲ್ಲ ಇದ್ದದ್ದು ಇದ್ದ ಹಾಗೇ ಹೇಳಿದೆ. ಅರ್ಧ ಹಣ ನನ್ನ ಟಿಕೀಟಿಗೇ ಹೋಯಿತು ಎಂಬುದನ್ನೂ ಹೇಳಿದೆ. ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಸೂಜಿಗೆ ದಾರ ಪೋಣಿಸುತ್ತಾ, "ಇನ್ನೊಂದು ಸಲ ಕೂತಲ್ಲಿಂದಲೇ ಕೊಟ್ಟುಬಿಡು ಮಾರಾಯ್ತಿ, ನಡೆಯುವುದಾದರೂ ತಪ್ಪುತ್ತದೆ" ಎಂದರು. ಏಳೂ ಜನ ನಕ್ಕೆವು.

ಅಂದಿನಿಂದ ಬಸ್ಸಿನಲ್ಲೋ ಅಂಗಡಿಯಲ್ಲೋ ಯಾರಾದರೂ ಹಣಕ್ಕೆ ತಡಕಾಡುವುದು ಕಂಡರೆ ಯೋಚಿಸಲು ಕೂರುವುದಿಲ್ಲ. ಕೆಲವು ಸಲ ಮೋಸವೂ ಹೋಗಿದ್ದೇನೆ. ಅದರ ಬೇಸರ ಎರಡು ದಿನಕ್ಕೆ ಹೋಗುತ್ತದೆ. ಆ ಎರಡು ತಿರುವು ಕಳೆಯುವವರೆಗೆ ಸುಮ್ಮನೆ ಕೂತಿದ್ದು ಮಾತ್ರ ಇನ್ನೂ ಮರೆತಿಲ್ಲ. ಮರೆಯುವುದು ಬೇಡವೆಂದೇ ನನಗೆ ಅನಿಸುತ್ತದೆ.