ಮೊಣಕೈಯ ಒಡತಿ

ಎರಡು ಸಾವಿರದ ಹದಿನೈದರ ಸುಮಾರಿಗೆ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನನ್ನ ಬಲ ಮೊಣಕೈಯನ್ನು ಆಳಿದವರು ಹುಬ್ಬಳ್ಳಿಯ ಒಬ್ಬ ಫಿಸಿಯೋಥೆರಪಿಸ್ಟ್. ಆಫೀಸಿನ ಜಪಾನಿ ಗೆಳೆಯರ ಬೇಸ್‌ಬಾಲ್ ತಂಡಕ್ಕೆ ನಾನೇ ಪಿಚರ್. ಚೆಂಡು ಎಸೆದೂ ಎಸೆದೂ ಮೊಣಕೈಯ ಒಳಬದಿಯ ಲಿಗಮೆಂಟ್ ಹರಿದಿತ್ತು. ಸರ್ಜನ್ ನನ್ನದೇ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ತೂತು ಕೊರೆದು ಪೋಣಿಸಿದ್ದರು. ಅದು ಗಟ್ಟಿಯಾಗುವ ತನಕ ಚೆಂಡು ಮುಟ್ಟುವಂತಿರಲಿಲ್ಲ.

"ಕೈ ನಿಮ್ದು, ಮೊಣಕೈ ನಂದ್ರೀ," ಎನ್ನುತ್ತ ಆ ಫಿಸಿಯೋಥೆರಪಿಸ್ಟ್ ಮೇಡಂ ನನ್ನ ತೋಳನ್ನು ಸಂತೆಯ ಸೋರೆಕಾಯಿಯಂತೆ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದರು.

ಮೂರನೆಯ ತಿಂಗಳು ತಡೆಯಲಾರದೆ, ನಾನಿದ್ದ ಕಾಂಡೊ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆಗೆ ಕದ್ದು ಹತ್ತು ಚೆಂಡು ಎಸೆದೆ. ಮರುದಿನ ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ರೋಟಿ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವರು ಬಂದು ಎದುರಿಗೇ ಕೂತರು.

"ಯಾವಾಗ ಒಗದ್ರಿ?"

"ಏನು ಮೇಡಂ?"

"ಬಲಗೈಯವ್ರು ಎಡಗೈಲೆ ಚಾ ಕುಡ್ಯಾಕತ್ತೀರಿ!"

ಹೊಸ ಲಿಗಮೆಂಟ್ ಕಿತ್ತುಬಂದಿದ್ದರೆ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅವರು ರೋಟಿ ತಟ್ಟೆ ಸರಿಸಿ, ಮೇಜಿನ ಮೇಲೇ ಮೊಣಕೈ ಒತ್ತಿ, ಆಚೀಚೆ ಬಾಗಿಸಿ ನೋಡಿದರು. ಸಡಿಲವಾಗಿರಲಿಲ್ಲ. "ಪುಣ್ಯಾ ಐತಿ," ಎಂದವರೇ ನನ್ನ ರೋಟಿಯನ್ನು ದಂಡವಾಗಿ ತಿಂದರು.

ವರ್ಷ ದಾಟಿದ ಮೇಲೆ ಮೊದಲ ಪಂದ್ಯ. ಆಟದ ಗಂಧಗಾಳಿ ಇಲ್ಲದ ಅವರೂ ಬಂದಿದ್ದರು. ನಾನು ಎಸೆದಾಗಲೆಲ್ಲ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಯಾರು ಗೆದ್ರು?" ಎಂದು ಕೇಳಿದರು.

"ನಾವು ಸೋತ್ವಿ ಮೇಡಂ."

"ಸೋತ್ರ ಸೋತ್ರಿ. ನೋಯಾಕತ್ತಿಲ್ಲಲ್ಲ?"

"ಒಂಚೂರೂ ಇಲ್ಲ."

ಜನರೆಲ್ಲ ಎದ್ದುಹೋಗಿದ್ದ ಆ ಮೈದಾನದಲ್ಲಿ ಅವರೊಬ್ಬರೇ ನಿಂತು ಚಪ್ಪಾಳೆ ತಟ್ಟಿದರು.