ಅಜ್ಜಿಯ ಸಾಲಿನ ಕಣ್ಣು

ಮಕ್ಕಳೇ, ಕಂಪ್ಯೂಟರಿನೊಳಗೂ ಕಣ್ಣುಗಳಿರುತ್ತವೆ ಎಂಬುದು ನನಗೆ ಗೊತ್ತಾದದ್ದು ಈ ವಯಸ್ಸಿನಲ್ಲಿ. ಚಂದ್ರಾ ಲೇಔಟಿನ ನಮ್ಮ ಮನೆಯ ಹಾಲಿನಲ್ಲಿ ಸಹನಾ ಕೂತು ತಾನು ಬರೆದ ಚಿತ್ರಗಳನ್ನು ಕುಣಿಸುವಾಗ, ಪರದೆಯ ಕೆಳಗೆ ಸಾಲುಸಾಲು ಹೆಸರುಗಳು, ಪ್ರತಿ ಹೆಸರಿನ ಎಡಕ್ಕೆ ಒಂದು ಪುಟ್ಟ ಕಣ್ಣು. ಚಿರೋಟಿಯ ಹಾಗೆ ಚಿತ್ರವೆಲ್ಲ ಪದರ ಪದರವಂತೆ; ಒಂದೊಂದು ಪದರವೂ ಒಂದು ಲೇಯರಂತೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು, ಮೇಷ್ಟ್ರು ಪ್ರಶ್ನೆ ಕೇಳಿದರೆ ಮುಂದೆ ಕೂತವಳ ಜಡೆಯ ಹಿಂದೆ ಅಡಗುತ್ತಿದ್ದವಳು ನಾನು. ಆದರೂ ಮೊಮ್ಮಗಳಿಂದ ಇಷ್ಟನ್ನು ಕಲಿತೆ.

"ಕಣ್ಣು ಒತ್ತಿದ್ರೆ ಆ ಲೇಯರ್ ಕಾಣಲ್ಲ ಅಷ್ಟೇ ಅಜ್ಜಿ. ಎಲ್ಲೂ ಹೋಗಿರಲ್ಲ, ಅಲ್ಲೇ ಇರತ್ತೆ."

ಅವಳು ಮಾಡುತ್ತಿದ್ದದ್ದು ತನ್ನ ಅಣ್ಣ ವಿನಯನ ಮದುವೆಯ ಕರೆಯೋಲೆ, ಫೋನಿಗೆ ಕಳಿಸುವ ವಿಡಿಯೋ. ಬಾಗಿಲ ಮುಂದೆ ಅವಳ ಅಪ್ಪ, ಅಮ್ಮ, ಮದುಮಗ, ಬಲತುದಿಯಲ್ಲಿ ನಾನು, ಕೈಮುಗಿದು ಕರೆಯುತ್ತಿದ್ದೆವು. ಶುಭಕಾರ್ಯದಲ್ಲಿ ಗಂಡನಿಲ್ಲದವಳು ಎದುರಿಗೆ ಬರಬಾರದೆಂಬುದು ನಮ್ಮೂರಿನ ರೂಢಿ. ಈ ಮನೆಯಲ್ಲಿ ಯಾರೂ ನನಗೆ ಹಾಗೆ ಹೇಳಿದವರಲ್ಲ. ನಿಮ್ಮ ತಾತ ಹೋದ ಮೇಲೆ, ಛತ್ರಕ್ಕೆ ಹೋದರೆ ಮೊದಲು ಕಂಬದ ಮರೆ ಹುಡುಕುವುದನ್ನು ನಾನೇ ಅಭ್ಯಾಸ ಮಾಡಿಕೊಂಡೆ. ಸಹನಾ ಸ್ನಾನಕ್ಕೆ ಎದ್ದು ಹೋದಾಗ, ‘ಅಜ್ಜಿ’ ಎಂದು ಬರೆದಿದ್ದ ಸಾಲಿನ ಕಣ್ಣನ್ನು ಒತ್ತಿದೆ. ಪರದೆಯಿಂದ ಮಾಯವಾದೆ. ಇಷ್ಟು ಸಲೀಸಾಗಿ ಜನ್ಮದಲ್ಲಿ ಎಂದೂ ಅಡಗಿರಲಿಲ್ಲ.

ಕರೆಯೋಲೆ ಎಲ್ಲಿ ಎಂದು ಬೀಗರ ಮನೆಯಿಂದ ಎರಡು ಸಲ ಫೋನ್ ಬಂದಿತ್ತು. ಸಹನಾ ಬಂದವಳೇ ಅವಸರದಲ್ಲಿ ವಿಡಿಯೋ ಮುಗಿಸಿ ಎಲ್ಲರಿಗೂ ಕಳಿಸಿಬಿಟ್ಟಳು.

ಸಂಜೆ ನನ್ನ ಮಗಳು, ನಿಮ್ಮ ಗಿರಿಜತ್ತೆ, ವಿಡಿಯೋ ನೋಡಿ ಮಾರೇನಹಳ್ಳಿಯಿಂದ ಬಂದೇ ಬಂದಳು. "ಏನೇ ಸಹನಾ, ಬಾಗ್ಲಲ್ಲಿ ತುಳಸಿ ಕುಂಡಕ್ಕೆ ಜಾಗ ಇದೆ, ನಮ್ಮಮ್ಮನಿಗೆ ಇಲ್ವಾ?"

"ಹಾಕಿದ್ದೆ ಅತ್ತೆ, ದೇವರಾಣೆ!"

"ಹಾಕಿದ್ರೆ ಎಲ್ಲೇ? ಇನ್ನೊಂದ್ಸಲ ನಿನ್ನ ಕೈಗೆ ಮದುವೆ ಕೆಲಸ ಕೊಟ್ರೆ ಕೇಳು."

ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ, ತಲೆ ಎತ್ತಲಿಲ್ಲ. ತನ್ನ ಕೈಯೇ ತಗಲಿರಬೇಕೆಂದುಕೊಂಡ ಸಹನಾ ಬಂದು ನನ್ನ ಕಾಲು ಮುಟ್ಟಿ, "ಸಾರಿ ಅಜ್ಜಿ" ಎಂದಳು. "ಇರ್ಲಿ ಬಿಡು" ಎಂದೆ. ಕ್ಷಮಿಸುವ ದೊಡ್ಡವಳ ಗತ್ತಿನಲ್ಲಿ ಎಂದೆ, ಮಕ್ಕಳೇ! ಆ ಎರಡು ಮಾತು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಎರಡು ದಿನ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಅವಳ ಎದುರಿಗೇ ಗಿರಿಜಾಗೆ ಫೋನ್ ಮಾಡಿ, "ವಿಡಿಯೋದಲ್ಲಿ ನಾನು ಕಾಣದ ಹಾಗೆ ಆ ಕಣ್ಣು ಮುಚ್ಚಿದ್ದು ನಾನೇ ಕಣೇ. ಮಗೂನ ಬೈಬೇಡ," ಎಂದೆ. ಫೋನ್ ಇಟ್ಟೆ. ಸಹನಾ ಬಂದು ಸಮಾಧಾನ ಹೇಳುತ್ತಾಳೆಂದು ಒಳಗೊಳಗೇ ಕಾದಿದ್ದೆ, ನೋಡಿ. ಅವಳ ಮುಖ ಕೆಂಪಾಗಿತ್ತು.

"ನಿನ್ನ ಸೆರಗು ಗಾಳಿಗೆ ಅಲ್ಲಾಡೋ ಹಾಗೆ ಮಾಡೋಕೆ ನಂಗೆ ಮೂರು ದಿನ ಹಿಡೀತು ಅಜ್ಜಿ. ಯಾರೂ ನೋಡ್ಲೇ ಇಲ್ಲ."

ಅಡಗುವುದು ನನ್ನ ಸ್ವಂತ ವಿಷಯ, ಅದರಿಂದ ಯಾರಿಗೇನು ನಷ್ಟ ಎಂದು ಇಷ್ಟು ವರ್ಷ ತಿಳಿದಿದ್ದೆ. ನನ್ನ ಜೊತೆಗೆ ಅವಳ ಕೆಲಸವನ್ನೂ ಮುಚ್ಚಿದ್ದೆ.

ಅವಳು ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದು ಮೌಸನ್ನು ನನ್ನ ಕಡೆಗೆ ತಳ್ಳಿದಳು. ಕಣ್ಣು ತೆರೆಯುವುದಕ್ಕೆ ಮುಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬಾಗಿಲಲ್ಲಿ ಮುದುಕಿಯೊಬ್ಬಳು ಕೈಮುಗಿದು ನಿಂತಳು. ಸೆರಗು ನಿಜಕ್ಕೂ ಅಲ್ಲಾಡುತ್ತಿತ್ತು.

"ಎಲ್ಲರಿಗೂ ಇನ್ನೊಂದ್ಸಲ ಕಳ್ಸು" ಎಂದೆ.

"ಏನಂತ ಬರೀಲಿ?"

"ಮೊದಲಿಂದು ಅಜ್ಜಿ ಮಾಡಿದ ತಪ್ಪು, ಇದನ್ನ ನೋಡಿ ಅಂತ ಬರಿ."