ಬಿಸಿ ಇಂಜಿನ್ನಿಗೆ ತಣ್ಣೀರು

ಗ್ಯಾಸ್ಕೆಟ್ ಎಂದರೆ ಕುಕ್ಕರಿನ ಮುಚ್ಚಳದೊಳಗಿನ ರಬ್ಬರ್ ಬಳೆ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಸಡಿಲಾದರೆ ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. ಆಮೇಲೆ ಕೆಲವು ದಿನ ಮರ್ಯಾದೆಯಿಂದ ಸೀಟಿ ಹೊಡೆಯುತ್ತದೆ. ಈ ವಿದ್ಯೆಯಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಹಾಗಾಗಿ ನಮ್ಮ ದ್ರಾಕ್ಷಿ ತೋಟದ ಹಳೆಯ ಸಣ್ಣ ಟ್ರ್ಯಾಕ್ಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಬಾಳು ಮಿಸ್ತ್ರಿ "ಹೆಡ್ ಗ್ಯಾಸ್ಕೆಟ್ ಹೋಗೇತಿ" ಎಂದಾಗ, ನನ್ನ ಬಾಯಿ ತಡೆಯಲಿಲ್ಲ.

"ಫ್ರಿಜ್‌ನ್ಯಾಗ ಇಟ್ಟ ನೋಡೂನೇನ್ರಿ?"

ಬಾಳು ಗಂಭೀರವಾಗಿಯೇ ಯೋಚಿಸಿದ. "ನಿಮ್ಮ ಫ್ರಿಜ್ಜ ಸಣ್ಣದೈತ್ರಿ ವೈನಿ. ಟ್ರ್ಯಾಕ್ಟರ್ ಹಿಡಿಯಂಗಿಲ್ಲ."

ಮಿಸ್ತ್ರಿಗಳಿಗೆ ಮಿಸ್ಡ್ ಕಾಲ್ ಕೊಟ್ಟು ಕರೆಸುತ್ತಿದ್ದ ಕಾಲ ಅದು. ಐನಾಪುರದ ನಮ್ಮ ತೋಟದಲ್ಲಿ ಆಗ ದ್ರಾಕ್ಷಿ ಹೂವಿಗೆ ಬಂದಿತ್ತು. ದ್ರಾಕ್ಷಿಯ ಹೂವನ್ನು ನೀವು ನೋಡಿದ್ದೀರೋ ಇಲ್ಲವೋ. ಹೂವೆಂದು ಹೇಳಿಕೊಳ್ಳಲು ಅದಕ್ಕೇ ಸಂಕೋಚ. ಹಸಿರು ಧೂಳಿನಷ್ಟು ಸಣ್ಣದು, ಆದರೆ ಮುಂಜಾನೆ ಸಾಲುಗಳ ನಡುವೆ ನಿಂತರೆ ಇದೆಯೋ ಇಲ್ಲವೋ ಎಂಬಂಥ ಒಂದು ಸಿಹಿ ವಾಸನೆ ಸುಳಿಯುತ್ತದೆ. ಆ ಹೂವಿನ ಮೇಲೆ ಮೋಡವೂ ಮಂಜೂ ಕೂತುಬಿಟ್ಟರೆ ಬೂಜು ಹಿಡಿದು ಗೊನೆ ಗೊನೆಯೇ ಕೊಳೆಯುತ್ತದೆ. ವರ್ಷದ ಬೆಳೆ ಅಲ್ಲಿಗೆ ಮುಗಿಯಿತು. ಅದಕ್ಕೇ ಔಷಧ ಹೊಡೆಯಬೇಕು, ಔಷಧ ಹೊಡೆಯಲು ಟ್ರ್ಯಾಕ್ಟರ್ ಬೇಕು. ಆ ವಾರ ಕೃಷ್ಣೆಯ ಕಡೆಯಿಂದ ಮಂಜು ಎದ್ದು ಬಂದು ತೋಟದಲ್ಲಿ ಬಿಡಾರ ಹೂಡಿತ್ತು. ಸುತ್ತಲಿನವರೆಲ್ಲ ತಮ್ಮ ತಮ್ಮ ತೋಟಕ್ಕೆ ಔಷಧ ಹೊಡೆಯುವ ಅವಸರದಲ್ಲಿದ್ದರು. ಟ್ರ್ಯಾಕ್ಟರ್ ಕೇಳುವುದಾದರೂ ಯಾರನ್ನು?

ನಿಜ ಹೇಳಬೇಕೆಂದರೆ ಕೆಡುವ ಮುನ್ನ ಅದು ಸೂಚನೆ ಕೊಟ್ಟಿತ್ತು. ರೇಡಿಯೇಟರಿಗೆ ಹಾಕಿದ ನೀರು ಎಲ್ಲಿಯೂ ಸೋರದೆ ಮಾಯವಾಗುತ್ತಿತ್ತು. ಹೊಗೆ ಬೆಳ್ಳಗೆ, ಮೆತ್ತಗೆ ಹೊರಟು ಸಾಲುಗಳ ನಡುವೆ ಮಂಜಿನೊಳಗೆ ಸೇರಿಕೊಳ್ಳುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಚಹಾ ಉಕ್ಕಿದ್ದೂ ತಿಳಿಯದೆ, ಎಷ್ಟು ಚೆಂದ ಎಂದುಕೊಳ್ಳುತ್ತಿದ್ದೆ. ಇಂಜಿನ್ನು ಒಳಗೇ ನೀರು ಕುಡಿದು ಆವಿ ಬಿಡುತ್ತಿದೆ ಎಂದು ತಿಳಿಯುವುದನ್ನು ನಾನು ಓದಿದ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ.

ಭಾನುವಾರ ಬೇವಿನ ನೆರಳಲ್ಲಿ ಬಾಳು ಇಂಜಿನ್ನಿನ ತಲೆ ಬಿಚ್ಚಿದ. ಒಳಗಿನ ಎಣ್ಣೆಗೆ ನೀರು ಬೆರೆತು ಹಾಲು ಹೆಚ್ಚಾದ ಚಹಾದ ಬಣ್ಣ ಬಂದಿತ್ತು. ಗ್ಯಾಸ್ಕೆಟ್ಟನ್ನು ಮೆಲ್ಲಗೆ ಬಿಡಿಸಿ ಪೇಪರಿನ ಮೇಲಿಟ್ಟ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡಿದೆ. ತೆಳ್ಳನೆಯ ಹಾಳೆ, ಅದರ ತುಂಬ ದೊಡ್ಡ ಸಣ್ಣ ತೂತುಗಳು. ಕ್ರಿಸ್‌ಮಸ್ಸಿಗೆ ಕಾನ್ವೆಂಟಿನ ಸಿಸ್ಟರ್ ನಮ್ಮಿಂದ ಕತ್ತರಿಸಿ ಮಾಡಿಸುತ್ತಿದ್ದ ಕಾಗದದ ನಕ್ಷತ್ರದ ಹಾಗೆಯೇ. ದೊಡ್ಡ ತೂತಿನಲ್ಲಿ ಬೆಂಕಿ, ಪಕ್ಕದ್ದರಲ್ಲಿ ನೀರು, ಇನ್ನೊಂದರಲ್ಲಿ ಎಣ್ಣೆ. ಮೂರೂ ಒಂದೇ ಮನೆಯಲ್ಲಿ, ಒಬ್ಬರ ಕೋಣೆಗೆ ಒಬ್ಬರು ಹೋಗದಂತೆ ಈ ಹಾಳೆ ನಡುವೆ ಮಲಗಿರುತ್ತದಂತೆ. ಹುಣಸೆ ಬೀಜದಷ್ಟು ಜಾಗ ಸುಟ್ಟಿತ್ತು, ಅಷ್ಟಕ್ಕೇ ಸಂಸಾರ ನಿಂತುಹೋಗಿತ್ತು. ಬಿಸಿ ಸ್ವಭಾವದ ಮಾವನವರಿಗೂ ತಣ್ಣಗಿನ ನನ್ನ ಯಜಮಾನರಿಗೂ ನಡುವೆ ಈ ಮನೆಯ ಗ್ಯಾಸ್ಕೆಟ್ ನಾನೇ ಎಂದು ಮನಸ್ಸಿನಲ್ಲೇ ಬೀಗಿದೆ. ಇಂಥ ಹೋಲಿಕೆ ಹೊಳೆದಾಗಲೆಲ್ಲ ನನ್ನ ರೊಟ್ಟಿ ಸೀಯುತ್ತದೆ, ಅಂದೂ ಸೀಯಿತು.

ಅಷ್ಟರಲ್ಲಿ ಬಾಳು ಬಿಚ್ಚಿದ ತಲೆಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದ. ಪಟ್ಟಿಯ ಕೆಳಗೆ ಬೆಳಕಿನ ಸಣ್ಣ ಗೆರೆ.

"ಹೆಡ್ ಸೊಟ್ಟ ಆಗೇತಿ. ಬಿಸಿ ಇಂಜಿನ್‌ಗೆ ತಣ್ಣೀರ ಯಾರ ಹಾಕತೀರಿ?"

ಅತ್ತೆ ಹಸನು ಮಾಡುತ್ತಿದ್ದ ಮೆಂತ್ಯದ ಸೊಪ್ಪನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಯಜಮಾನರು ಆಕಾಶ ನೋಡಿದರು. ನಮಗೆಲ್ಲ ಗೊತ್ತು. ಎತ್ತುಗಳಿದ್ದಾಗ ಹೊಲದಿಂದ ಬಂದ ಕೂಡಲೇ ಮಾವನವರು ಅವುಗಳ ಮೈ ತೊಳೆದೇ ತಾವು ಕಾಲು ತೊಳೆಯುತ್ತಿದ್ದರು. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದಮೇಲೂ ಅದೇ ರೂಢಿ. ದುಡಿದು ಬಂದದ್ದಕ್ಕೆ ಕೊಡಗಟ್ಟಲೆ ತಣ್ಣೀರು. ಚುರ್ರೆಂದು ಆವಿ ಏಳುತ್ತಿತ್ತು. ಸುಖದ ನಿಟ್ಟುಸಿರೆಂದು ಅವರು ತಿಳಿದಿದ್ದರು.

"ನಾನಽ ಹಾಕೀನಿ," ಎಂದರು ಮಾವನವರು. ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. "ಎತ್ತ ಆಗಿದ್ರ ಮೈ ನಡುಗಿಸಿ ಹೇಳತಿತ್ತು. ಇದು ಹೇಳಲೇ ಇಲ್ಲ ನೋಡು."

ಬಾಳು ಬೈಯಲು ತೆರೆದ ಬಾಯನ್ನು ಎಲೆ ಅಡಿಕೆಯಿಂದ ತುಂಬಿಕೊಂಡ.

ಯಜಮಾನರು ಅಂದೇ ಆ ತಲೆಯನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಬೈಕಿನ ಮೇಲೆ ಅಥಣಿಯ ಲೇಥಿಗೆ ಒಯ್ದು, ಉಜ್ಜಿಸಿ ಸಪಾಟು ಮಾಡಿಸಿ ತಂದರು. ಮರುದಿನ ಬೆಳಿಗ್ಗೆ ಬಾಳು ಹೊಸ ಗ್ಯಾಸ್ಕೆಟ್ ಹಾಸಿ ಬೋಲ್ಟುಗಳನ್ನು ಬಿಗಿಯತೊಡಗಿದ. ನಡುವಿನದು ಮೊದಲು, ಆಮೇಲೆ ಆಚೆಯದೊಂದು, ಈಚೆಯದೊಂದು. ಒಮ್ಮೆಗೇ ಪೂರ್ತಿಯಲ್ಲ, ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ. ಕಸೂತಿಯ ಚೌಕಟ್ಟಿಗೆ ಬಟ್ಟೆ ಬಿಗಿಯುವಾಗ ಸಿಸ್ಟರ್ ಹೇಳುತ್ತಿದ್ದದ್ದೂ ಇದನ್ನೇ: ಒಂದು ಕಡೆಯಿಂದ ಎಳೆದರೆ ಹೂವು ಸೊಟ್ಟಗೆ ಅರಳುತ್ತದೆ. ಹೊಸ ಎಣ್ಣೆ, ಹೊಸ ನೀರು ಬಿದ್ದವು. ಇಂಜಿನ್ನು ಒಮ್ಮೆ ಕೆಮ್ಮಿ, ಮತ್ತೆ ಕೆಮ್ಮಿ, ಹತ್ತಿಕೊಂಡಿತು. ಹೊಗೆಯಲ್ಲಿ ಬಿಳುಪಿಲ್ಲ.

"ಹೂಂ, ಔಷಧ ಹೊಡೀರಿ ಮಾಮಾ," ಎಂದ ಬಾಳು.

"ಇವತ್ತ ಸೋಮವಾರ," ಎಂದರು ಮಾವನವರು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಆ ರಜೆಯನ್ನೂ ಮಾವನವರು ಟ್ರ್ಯಾಕ್ಟರಿಗೆ ದಾಟಿಸಿಕೊಟ್ಟಿದ್ದರು. ಒಂದು ಸೋಮವಾರವೂ ಅದರ ಗಾಲಿ ತಿರುಗಿದ್ದಿಲ್ಲ. ಯಜಮಾನರ ಮುಖ ಕೆಂಪಾಯಿತು. ಮೋಡ ಇನ್ನೂ ಕೆಳಗಿಳಿದಿತ್ತು, ಹೂವಿನ ತುದಿಗಳಲ್ಲಿ ಹನಿ ನಿಂತಿದ್ದವು. ಮನೆಯ ಗ್ಯಾಸ್ಕೆಟ್ಟೆಂದು ಬೀಗಿದ್ದ ನಾನು ಸೆರಗಿನ ಅಂಚು ಸುತ್ತುತ್ತ ನಿಂತೆ.

ಅತ್ತೆ ಜೋಳ ಕೇರುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಶುಕ್ರವಾರದಿಂದ ಕುಂತಽ ಐತಿ. ನಿನ್ನಿ ಅಂತೂ ತೆಲಿ ಬಿಚ್ಚಿಟ್ಟ ಮಲಗಿತ್ತು. ಇನ್ನೆಷ್ಟ ಸೂಟಿ ಬೇಕ್ರಿ ಅದಕ್ಕ?"

"ಬಸವಣ್ಣಗ ಏನ ಹೇಳಲಿ ಬೇ?"

"ಹೂವ ಉಳದ ಮ್ಯಾಲ ಹೇಳೂನ ತಗೋರಿ. ಅಂವೂ ಒಕ್ಕಲಿಗರ ಮನ್ಯಾಗ ಇದ್ದಾಂವಽ."

ಮಾವನವರು ಟವೆಲ್ಲು ಕೊಡವಿ ತಲೆಗೆ ಸುತ್ತಿದರು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು, ಹತ್ತಿ ಕೂತರು. ಅಂದು ಸಂಜೆಯವರೆಗೆ ಮಂಜಿನೊಳಗೆ ಔಷಧದ ಮಂಜು ಹರಡುತ್ತ, ಅವರು ಸಾಲಿನಿಂದ ಸಾಲಿಗೆ ಕಾಣಿಸಿಕೊಳ್ಳುತ್ತ, ಮರೆಯಾಗುತ್ತ ಹೋದರು. ಕಾಣದಿದ್ದಾಗ ಸದ್ದು ಮಾತ್ರ ತೋಟದೊಳಗೆ ತಾನೇ ತಿರುಗಾಡುತ್ತಿತ್ತು. ಗೊನೆಗಳು ಉಳಿದವು, ಕೆಲವೇ ದಿನಕ್ಕೆ ಹೂವುದುರಿ ಸಾಸಿವೆಯಷ್ಟು ಹಸಿರು ಕಾಳು ಕಾಣಿಸಿತು.

ಔಷಧ ಹೊಡೆದ ಮರುದಿನ, ಮಂಗಳವಾರ ಮುಂಜಾನೆ ಮಾತ್ರ ಟ್ರ್ಯಾಕ್ಟರ್ ಬೇವಿನ ಕೆಳಗೆ ನಿಂತೇ ಇತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದವರು ಕೂಗಿ ಕೇಳಿದರು, "ಯಾಕ್ರಿ ಕಾಕಾ, ಮತ್ತ ಕೆಟ್ಟತೇನ?"

"ಇಲ್ಲಪಾ," ಎಂದರು ಮಾವನವರು, ಚಹಾ ಆರಿಸಿಕೊಳ್ಳುತ್ತ. "ಅದರದು ಇವತ್ತ ಸೋಮವಾರ."